ಹೂಂ ಅನ್ನುವ ಜಾಗದಲ್ಲಿ

ಅಮಾವಾಸ್ಯೆಯ ಮರುದಿನ ನಮ್ಮ ಊರಿನಲ್ಲಿ ಎಲ್ಲರೂ ಹಾಸಿಗೆಯಿಂದ ಎದ್ದವರೇ ಮೊದಲು ಬಿಲ್ಲೆ ಎತ್ತಿ ನೋಡುತ್ತಾರೆ. ಮುಖ ತೊಳೆಯುವುದು, ದೇವರಿಗೆ ಕೈಮುಗಿಯುವುದು ಎಲ್ಲ ಆಮೇಲೆ. ಐದು ಊರಿಗೂ ನಡೆಯುವ ನಾಣ್ಯ ಒಂದೇ, ಈ ಬಿಲ್ಲೆ. ಐದೂ ಊರಿನ ಗಡಿ ಕೂಡುವಲ್ಲಿ ತೂಕದ ಮನೆ ಇದೆ. ಯಾವ ಊರು ಎಷ್ಟು ಖರ್ಚು ಮಾಡಬೇಕು, ಎಷ್ಟು ಕೈ ಬಿಗಿ ಹಿಡಿಯಬೇಕು ಎಂದು ಹೊಂದಿಸಿ, ಬಿಲ್ಲೆಯ ತೂಕ ಗೊತ್ತು ಮಾಡುವವರು ಅಲ್ಲಿಯವರೇ. ಅಲ್ಲಿ ಸಂಜೆ 'ಭಾರ' ಎಂದು ಬರೆದರೆ ಬೆಳಗಾಗುವುದರೊಳಗೆ ಐದೂ ಊರಿನ ಪೆಟ್ಟಿಗೆಯಲ್ಲಿ, ಜೇಬಿನಲ್ಲಿ, ಸೆರಗಿನ ಗಂಟಿನಲ್ಲಿ ಇರುವ ಬಿಲ್ಲೆಗಳೆಲ್ಲ ಭಾರ. 'ಹಗುರ' ಎಂದು ಬರೆದರೆ ಹಗುರ.

ಹಗುರದ ಕಾಲ ನಾನು ಚಿಕ್ಕವಳಿದ್ದಾಗ ಹೋಯಿತು. ಆಮೇಲೆ ಭಾರ, ಇನ್ನೂ ಭಾರ, ಮತ್ತೂ ಭಾರ. ಮನುಷ್ಯರು ಯಾವುದಕ್ಕೂ ಒಗ್ಗಿಕೊಳ್ಳುತ್ತಾರೆ ನೋಡಿ. ದರ್ಜಿಗಳು ಜೇಬಿಗೆ ಚರ್ಮ ಹಚ್ಚಿ ಹೊಲಿಯುವುದನ್ನು ಕಲಿತರು. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದು ಕೇಳುವುದನ್ನು ಬಿಟ್ಟು, ಬಿಲ್ಲೆ ತುಂಬಿದ ಚೀಲ ಎತ್ತಿಸಿ ನೋಡತೊಡಗಿದರು. ಗುಡಿಯ ಹುಂಡಿ ಒಂದು ಬೆಳಿಗ್ಗೆ ನೆಲ ಒಡೆದುಕೊಂಡು ಕೆಳಗಿಳಿಯಿತು. ಈಗ ಎಲ್ಲರೂ ಆ ತೂತಿನಲ್ಲಿಯೇ ಕಾಣಿಕೆ ಹಾಕುತ್ತಾರೆ, ದೇವರೇನೂ ಬೇಜಾರು ಮಾಡಿಕೊಂಡಂತಿಲ್ಲ.

ಆದರೆ ನಮ್ಮ ಊರು ಬಯಲಿನಲ್ಲಿಲ್ಲ. ಗುಡ್ಡಕ್ಕೆ ಅಂಟಿಕೊಂಡ ಊರು. ಬೀದಿ ಎಂದರೆ ಮೆಟ್ಟಿಲೇ. ಪೇಟೆ ಬುಡದಲ್ಲಿ, ನಾವು ತುದಿಯಲ್ಲಿ, ಮೇಲಿನ ಓಣಿಯಲ್ಲಿ. ನನ್ನ ಗಂಡ ಒಡೆದ ಮೆಟ್ಟಿಲು ದುರಸ್ತಿ ಮಾಡುವವನು, ಅವನಿಗೆ ಕೈತುಂಬ ಕೆಲಸ. ಕಷ್ಟವೆಲ್ಲ ನನ್ನ ಅತ್ತೆ ಚಂಪವ್ವನಿಗೆ. ಮೇಲಿನ ಓಣಿಯಲ್ಲಿ ಅವಳದು ಮಿರ್ಚಿ ಭಜಿಯ ಅಂಗಡಿ. ಒಂದು ಕಾಲಕ್ಕೆ ಸಂಜೆಯಾದರೆ ಪೇಟೆಯ ಅರ್ಧ ಜನ ಅವಳ ಬಾಣಲೆಯ ವಾಸನೆ ಹಿಡಿದು ಮೇಲೆ ಬರುತ್ತಿದ್ದರು. ಈಗ ಭಜಿ ತಿನ್ನುವ ಆಸೆಗೆ ಯಾರು ಅಷ್ಟು ಭಾರ ಹೊತ್ತು ಮೆಟ್ಟಿಲು ಹತ್ತುತ್ತಾರೆ? ಬಳೆಯಂಗಡಿ ಮುಚ್ಚಿತು, ಕ್ಷೌರದಂಗಡಿ ಕೆಳಗಿಳಿಯಿತು, ಕೊನೆಗೆ ಇಡೀ ಓಣಿಯಲ್ಲಿ ಉಳಿದದ್ದು ಅತ್ತೆಯ ಒಲೆಯೊಂದೇ.

"ಇನ್ನೊಂದು ಸಲ ಭಾರ ಆತಂದ್ರ ಒಲಿ ಆರಿಸಿ ಮಗಳ ಮನಿಗೆ ಹೋಗ್ತೀನಿ ನೋಡು ದಾನವ್ವಾ," ಎಂದಳು ಒಂದು ದಿನ. ನಾದಿನಿಯ ಮನೆ ಬಯಲಿನ ಊರಿನಲ್ಲಿ. ಅತ್ತೆ ಆಗಲೇ ಪಾತ್ರೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟತೊಡಗಿದ್ದಳು. ಅತ್ತೆ ಹೊರಟರೆ ಸೊಸೆಗೆ ಹಬ್ಬ ಎಂದು ನೀವು ಅಂದುಕೊಳ್ಳಬಹುದು. ನನಗೆ ಹಾಗಲ್ಲ. ನಾವಿಬ್ಬರೂ ದಿನಾ ಜಗಳವಾಡುತ್ತೇವೆ, ನಿಜ. ಆಡದ ದಿನ ನನಗೆ ಉಂಡದ್ದು ಅರಗುವುದಿಲ್ಲ. ಆ ಒಲೆ ಆರಿದರೆ ಓಣಿಯೇ ಸತ್ತಂತೆ, ನಾನೂ ಅರ್ಧ ಸತ್ತಂತೆ.

ತೂಕದ ಮನೆಗೆ ನಮ್ಮ ಊರಿನಿಂದ ಹೋಗುತ್ತಿದ್ದವರು ವಿರೂಪಣ್ಣ. ಪ್ರತಿ ಊರಿನಿಂದ ಜನ ಆರಿಸಿದ ಒಬ್ಬರು ಪ್ರತಿ ಅಮಾವಾಸ್ಯೆಗೆ ಅಲ್ಲಿಗೆ ಹೋಗಿ ಕೇಳಬೇಕು ಎಂಬುದು ಐದೂ ಊರು ಕೂಡಿದ ದಿನದಿಂದ ಬಂದ ಕಟ್ಟಳೆ. ವಿರೂಪಣ್ಣ ಸಂಭಾವಿತರು, ಬಿಳಿ ರುಮಾಲು, ಮೆಲು ಮಾತು. ಪ್ರತಿ ಸಲ ಹೋಗಿ ಬಂದು ಕಟ್ಟೆಯ ಮೇಲೆ ನಿಂತು "ಕೇಳಿ ಬಂದ್ನಿರೀಪಾ" ಎನ್ನುತ್ತಿದ್ದರು. ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಮರುದಿನ ಬಿಲ್ಲೆ ಮತ್ತಷ್ಟು ಭಾರ. ನಮ್ಮವರು ಕೇಳಿದರೂ ಅವರು ಕೊಡಲಿಲ್ಲ ಎಂದು ತೂಕದ ಮನೆಯವರಿಗೆ ಬೈದು ಸುಮ್ಮನಾಗುತ್ತಿದ್ದೆವು.

ಆ ಸಲ ಮಾತ್ರ ಅತ್ತೆ ಅವರನ್ನು ಕಟ್ಟೆ ಇಳಿಯಲು ಬಿಡಲಿಲ್ಲ. "ಅಣ್ಣಾರ, ಏನಂತ ಕೇಳಿದ್ರಿ? ಬಾಯಿ ಬಿಟ್ಟು ಹೇಳ್ರಿ," ಎಂದಳು.

"ಏನಂತ ಅಂದ್ರ? ಅವರು ಓದಿದ್ದನ್ನ ಕೇಳಿದ್ನಿ. ಎಷ್ಟು ಚಂದ ಓದ್ತಾರ ಅಂತೀ ಚಂಪವ್ವಾ! ಒಂದೊಂದು ಸಾಲು ಓದಿ ನಮ್ಮ ಮುಖಾ ನೋಡ್ತಾರ. ನಾವು ಐದೂ ಮಂದಿ ಹೂಂ ಅಂದ ಮ್ಯಾಲೇ ಮುಂದಿನ ಸಾಲು. ಅಷ್ಟು ಮರ್ಯಾದಿ."

ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ನಾವು ಕೇಳುವುದು ಎಂದರೆ ಪ್ರಶ್ನೆ ಎಂದುಕೊಂಡಿದ್ದೆವು. ಅವರು ಕಿವಿಗೊಟ್ಟು ಕುಳಿತು ಬಂದಿದ್ದರು! ಅತ್ತೆ ಹಣೆ ಬಡಿದುಕೊಂಡಳು. "ಅಯ್ಯ ನನ್ನಪ್ಪಾ! ಅದು ಮರ್ಯಾದಿ ಅಲ್ರೀ, ಒಪ್ಪಿಗಿ ತಗೊಳ್ಳೂದು! ನೀವು ಸಾಲಿಗೊಂದು ಹೂಂ ಅಂದು ನನ್ನ ಅಂಗಡಿ ಮಾರಿ ಬಂದೀರಿ!"

ವಿರೂಪಣ್ಣನವರ ಮುಖ ಕಪ್ಪಿಟ್ಟಿತು. ಅವರದೂ ಪೂರ್ತಿ ತಪ್ಪಲ್ಲ ಬಿಡಿ. ನಮ್ಮ ಊರಿನಲ್ಲಿ ಹೂಂಗುಡದೆ ಯಾರೂ ಏನನ್ನೂ ಕೇಳುವುದಿಲ್ಲ. ಕಥೆಯಿರಲಿ, ಚಾಡಿಯಿರಲಿ, ಸಾವಿನ ಸುದ್ದಿಯಿರಲಿ, ಹೂಂ ಅನ್ನದಿದ್ದರೆ ಹೇಳುವವರು "ಮಲಗಿದೇನು?" ಎಂದು ಮುನಿಸಿಕೊಳ್ಳುತ್ತಾರೆ. ನಮ್ಮ ಹೂಂಗೆ 'ನಾನಿಲ್ಲೇ ಇದ್ದೇನೆ, ಹೇಳು' ಎಂದಷ್ಟೇ ಅರ್ಥ. ಅದು ತೂಕದ ಮನೆಗೆ ಹೋದರೆ 'ನಿಮ್ಮಿಷ್ಟದಂತೆ ಮಾಡಿ' ಆಗುತ್ತದೆ ಎಂದು ಯಾರಿಗೆ ಹೊಳೆದಿತ್ತು?

"ನನ್ನ ಸೊಸೀನ್ನ ಕಳಸ್ರಿ," ಎಂದಳು ಅತ್ತೆ, ಎಲ್ಲರಿಗೂ ಕೇಳುವಂತೆ. "ಉಪ್ಪು ಹೆಚ್ಚಾತು ಅಂದ್ರ ಯಾಕ ಅಂತಾಳ, ಕಡಿಮಿ ಆತು ಅಂದ್ರೂ ಯಾಕ ಅಂತಾಳ. ಇಷ್ಟು ದಿವಸ ನಾನೊಬ್ಬಾಕಿನ ಅನುಭವಿಸೀನಿ, ಇನ್ನ ಮ್ಯಾಲೆ ಅವರೂ ಒಂದೀಟು ಅನುಭವಿಸಲಿ!" ಜನ ಹೊಟ್ಟೆ ಹಿಡಿದು ನಕ್ಕರು, ನಗುನಗುತ್ತಲೇ ಕೈ ಎತ್ತಿದರು. ವಿರೂಪಣ್ಣನವರೂ ಎತ್ತಿದರು, ಎರಡೂ ಕೈ. ನಾನು ಹೀಗೆ ಆರಿಸಿ ಬಂದೆ.

ಮುಂದಿನ ಅಮಾವಾಸ್ಯೆಯವರೆಗೆ ನಮ್ಮ ಮನೆಯಲ್ಲಿ ತಾಲೀಮೋ ತಾಲೀಮು. ಅತ್ತೆ ಒಲೆಯ ಮುಂದೆ ಕುಳಿತು ರುಚಿರುಚಿಯಾದ ಸುದ್ದಿ ಹೇಳುವುದು, ನಾನು ಹೂಂ ಅನ್ನದೆ ಕೇಳುವುದು. ಆಗಲೇ ಇಲ್ಲ! ಪಕ್ಕದ ಮನೆಯ ಬೀಗರ ಜಗಳ ಶುರುವಾಯಿತೋ ಇಲ್ಲವೋ ನನ್ನ ಬಾಯಲ್ಲಿ ಹೂಂ. ಬಾಯಿತುಂಬ ಅವಲಕ್ಕಿ ತುಂಬಿಕೊಂಡೆ. ಹೂಂ ಮೂಗಿನಿಂದ ಬಂತು. ಮೂಗು ಹಿಡಿದುಕೊಂಡೆ, ಕತ್ತು ತಾನಾಗಿ ಆಡಿತು. ಅತ್ತೆ ಸೌಟು ಕುಕ್ಕಿ, "ಬರೂದನ್ನ ತಡೀಬ್ಯಾಡ," ಎಂದಳು. "ಬರಲಿ. ಹೂಂ ಬರೂ ಜಾಗಾದಾಗ 'ಯಾಕ' ಅನ್ನೂದು ಇಡು. ಅಷ್ಟ."

ಅಷ್ಟೇ! ಅವಳು ಹೇಳಿದಳು, ನಾನು ಯಾಕ ಎಂದೆ. ಮತ್ತೆ ಹೇಳಿದಳು, ಮತ್ತೆ ಯಾಕ. ಸ್ವಲ್ಪ ಹೊತ್ತಿಗೆ ಬೀಗರ ಜಗಳದ ಅಸಲು ಕಾರಣವೇ ಹೊರಬಿತ್ತು, ತನಗೆ ಅದು ಗೊತ್ತಿದೆ ಎಂದು ಅತ್ತೆಗೇ ಗೊತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಬೆರಗಾಗಿ ನೋಡಿದೆವು.

ತೂಕದ ಮನೆಗೆ ಹೋದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಒಳಗೆ ತಂಪು ಕಲ್ಲಿನ ಹಜಾರ, ನಾವು ಐದು ಜನಕ್ಕೆ ಒಂದು ಉದ್ದನೆಯ ಮಣೆ. ನನ್ನ ಪಕ್ಕದಲ್ಲಿ ಕಡಲಿನ ಊರಿನ ಮಂಕಾಳಕ್ಕ, ಬಲೆ ಹೆಣೆದು ಹೆಣೆದು ಒರಟಾದ ಬೆರಳಿನ ಹೆಂಗಸು. ಎದುರಿಗೆ ಎತ್ತರದ ಪೀಠದಲ್ಲಿ ಅಧ್ಯಕ್ಷ ವಾಮನರಾಯರು, ಅವರ ಪಕ್ಕದಲ್ಲಿ ಲೇಖಣಿ ಹಿಡಿದ ಗುಮಾಸ್ತ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಕೆತ್ತಿದ ಕಟ್ಟಳೆ: 'ಪ್ರತಿ ಊರಿನಿಂದ ಒಬ್ಬರು ಬಂದು ಕೇಳತಕ್ಕದ್ದು.'

ವಾಮನರಾಯರು ಓದತೊಡಗಿದರು. ವಿರೂಪಣ್ಣ ಹೇಳಿದ್ದು ಸುಳ್ಳಲ್ಲ, ಎಂಥ ಕಂಠ! "ಐದೂ ಊರುಗಳ ಸಮಗ್ರ ಹಿತವನ್ನು ಗಮನದಲ್ಲಿರಿಸಿ, ಬಿಲ್ಲೆಯ ತೂಕವನ್ನು ಮತ್ತೊಂದು ಪಾಲು ಹೆಚ್ಚಿಸುವುದು ಸೂಕ್ತವೆಂದು ಭಾವಿಸಲಾಗಿದೆ." ಮಣೆಯ ಆ ತುದಿಯಿಂದ ಹೂಂ, ಹೂಂ, ಹೂಂ, ಮಂಕಾಳಕ್ಕನದೂ ಒಂದು ಹೂಂ. ಎಲ್ಲರ ಕಣ್ಣು ನನ್ನ ಮೇಲೆ. ಹೊಟ್ಟೆಯಿಂದ ಹೂಂ ಎದ್ದಿತು, ಗಂಟಲಿಗೆ ಬಂತು, ಮೂಗಿನ ಹತ್ತಿರ ಬಂತು. ನಾನು ಬಾಯಿ ತೆರೆದು ಅಂದೆ: "ಯಾಕ?"

ರಾಯರು ನನಗೆ ಕಿವಿ ಮಂದ ಎಂದುಕೊಂಡರೇನೋ, ಅದೇ ಸಾಲನ್ನು ಇನ್ನೊಮ್ಮೆ ಎತ್ತರದ ದನಿಯಲ್ಲಿ ಓದಿದರು.

"ಕೇಳಿಸ್ತರೀ. ಯಾಕ?"

ಗುಮಾಸ್ತನ ಲೇಖಣಿ ಗಾಳಿಯಲ್ಲೇ ನಿಂತಿತು. ರಾಯರು ಕನ್ನಡಕ ತೆಗೆದರು. "ತಾಯಿ, ನಿಮ್ಮ ಊರಿನಷ್ಟು ಸಂತೋಷದಿಂದ ಒಪ್ಪುತ್ತ ಬಂದ ಊರು ಇನ್ನೊಂದಿಲ್ಲ. ಈ ದಿನ ಏನಾಯಿತು? ಇದು ಕೇಳುವ ಸಭೆ."

"ಅದಕ್ಕs ಕೇಳಾಕತ್ತೀನ್ರೀ."

"ಕೇಳುವುದು ಎಂದರೆ ಆಲಿಸುವುದು."

"ನಮ್ಮೂರಾಗ ಕೇಳೂದಂದ್ರ ಯಾಕ ಅಂತ ಕೇಳೂದು. ಗ್ವಾಡಿ ಮ್ಯಾಲೆ ಯಾವ ಕೇಳೂದು ಅಂತ ಬರದೈತ್ರೀ? ನೀವs ಓದಿ ಹೇಳ್ರಿ."

ರಾಯರು ಪೀಠದಲ್ಲಿಯೇ ತಿರುಗಿ ಗೋಡೆಯನ್ನು ನೋಡಿದರು. ಅಕ್ಷರ ಅಕ್ಷರ ಓದಿದರು. ನನ್ನನ್ನು ಹೊರಗೆ ಹಾಕಿಸುತ್ತಾರೆ ಎಂದು ನಾನು ಸೆರಗು ಸಿಕ್ಕಿಸಿಕೊಂಡು ಸಿದ್ಧವಾದೆ. ಆದರೆ ಅವರು ಮೆಲ್ಲಗೆ, "ನಾನು ಇದನ್ನು ಹೀಗೆ ಓದಿರಲಿಲ್ಲ," ಎಂದರು. ಒಳ್ಳೆಯ ಮನುಷ್ಯ! ನನಗೆ ಆ ಕ್ಷಣದಲ್ಲಿ ಕುಣಿಯುವಂತಾಯಿತು. ನನ್ನ ಹೂಂ ಬಾರದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಇಡೀ ತೂಕದ ಮನೆ ನನ್ನೊಬ್ಬಳ ಮೂಗಿನ ತುದಿಯಲ್ಲಿ ನಿಂತಿತ್ತು.

ಎಲ್ಲ ಸುರಿದು ಹಾಕಿದೆ ನೋಡಿ. ಮೆಟ್ಟಿಲಿನ ಮಾತು, ಮುಚ್ಚಿದ ಅಂಗಡಿಗಳ ಮಾತು, ಅತ್ತೆಯ ಒಲೆಯ ಮಾತು. ಹಗುರ ಮಾಡಿರಿ, ಇಲ್ಲವೆ ಯಾಕೆ ಮಾಡುವುದಿಲ್ಲ ಎಂದು ಹೇಳಿರಿ. ರಾಯರು ಉತ್ತರ ಕೊಡಲು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಮಂಕಾಳಕ್ಕ ದಡಕ್ಕನೆ ಎದ್ದಳು.

"ಹಗೂರ ಮಾಡಿ ಅಂತೀಯಲ್ಲೆ ಮರಾಯ್ತಿ, ನಮ್ಮೂರ ಗಾಳಿ ಕಂಡಿದ್ಯಾ ನೀನು?"

ನಾನು ಕಂಡಿರಲಿಲ್ಲ. ಅವಳು ಹೇಳಿದಳು. ಬಿಲ್ಲೆ ಇನ್ನೂ ಈಗಿನಷ್ಟು ಭಾರವಿಲ್ಲದಾಗ, ಮಗಳು ರತ್ನಿಯ ಮದುವೆಗೆ ಕೂಡಿಟ್ಟ ಪೆಟ್ಟಿಗೆಯನ್ನು ಜಗಲಿಯಲ್ಲಿ ತೆರೆದರಂತೆ. ಮನೆಯವರೆಲ್ಲ ಸುತ್ತ ಕುಳಿತಿದ್ದರು. ಕಡಲಿನ ಕಡೆಯಿಂದ ಒಂದು ಗಾಳಿ ಬಂತು. ಬಿಲ್ಲೆಗಳೆಲ್ಲ ಬೆಳ್ಳಕ್ಕಿಗಳ ಹಾಗೆ ಎದ್ದು, ತೆಂಗಿನ ಮರ ದಾಟಿ, ಅಲೆಗಳ ಮೇಲೆ ಹೊರಟುಹೋದವು. ಗಂಡಸರು ಎದೆಮಟ್ಟ ನೀರಿಗಿಳಿದರು. ಒಂದೂ ಸಿಗಲಿಲ್ಲ. "ಮದಿ ನಿಂತ್ಹೋಯ್ತು. ನಮ್ಗೆ ಈಗಿನ್ ಭಾರನೂ ಸಾಲ್ದು. ಜೋರ್ ಗಾಳಿ ಬಂದ್ ದಿನ ನನ್ ಮಗಳು ಪೆಟ್ಗಿ ಮೇಲೆ ಕೂತ್ಕಂಡೇ ಉಣ್ತಾಳೆ ಗೊತ್ತುಂಟಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವಳು ಹೇಳುತ್ತಿದ್ದಷ್ಟು ಹೊತ್ತೂ ನಾನು ಹೂಂ, ಹೂಂ ಎನ್ನುತ್ತಿದ್ದೆ, ನನಗೇ ಅರಿವಿರಲಿಲ್ಲ. ಗುಮಾಸ್ತ ಮುಂದೆ ಬಾಗಿ, "ಬರೆದುಕೊಳ್ಳಲೇ?" ಎಂದ.

"ಬೇಡ," ಎಂದರು ವಾಮನರಾಯರು. "ಅದು ಬೇರೆ ಹೂಂ."

ಆಮೇಲೆ ಆ ಹಜಾರದಲ್ಲಿ ನಡೆದದ್ದನ್ನು ಹೇಳಲು ನನಗೆ ಒಂದು ಬಾಯಿ ಸಾಲದು. ಬಯಲಿನ ಊರಿನವರು ಗಾಡಿಯ ಅಚ್ಚು ಮುರಿಯುವ ಕಥೆ ತೆಗೆದರು. ಉಳಿದವರು ತಮ್ಮ ತಮ್ಮದು ತೆಗೆದರು. ಒಬ್ಬರ ಮೇಲೊಬ್ಬರು ಮಾತಾಡಿದರು, ಕೂಗಾಡಿದರು, ನಡುನಡುವೆ ನಕ್ಕರು. ಇಷ್ಟು ವರ್ಷ ಒಂದೇ ಮಣೆಯ ಮೇಲೆ ಕುಳಿತವರು ಒಬ್ಬರ ಊರಿನ ಸುದ್ದಿಯನ್ನು ಇನ್ನೊಬ್ಬರು ಕೇಳಿಯೇ ಇರಲಿಲ್ಲ! ಸಂಜೆಯಾದರೂ ಎರಡನೆಯ ಸಾಲು ಓದಲಾಗಲಿಲ್ಲ. ಕೊನೆಗೆ ರಾಯರು ಕೈ ಎತ್ತಿ, ತೂಕ ಈ ಸಲ ಇದ್ದಂತೆಯೇ ಇರಲಿ ಎಂದರು. ಇನ್ನು ಮೇಲೆ ಸಭೆ ಒಂದೊಂದು ಅಮಾವಾಸ್ಯೆಗೆ ಒಂದೊಂದು ಊರಿನಲ್ಲಿ ಸೇರತಕ್ಕದ್ದು, ಆ ಊರಿನ ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು, ಮೊದಲ ಸರದಿ ಯಾಕ ಅಂದ ಊರಿನದು.

ನಾನು ಊರಿಗೆ ನಡೆದು ಬರಲಿಲ್ಲ, ಓಡಿ ಬಂದೆ. ಮರುದಿನ ಬೆಳಿಗ್ಗೆ ಬಿಲ್ಲೆ ಎತ್ತಿ ನೋಡಿದವರು ಒಬ್ಬೊಬ್ಬರೇ ಬಾಗಿಲಿಗೆ ಬಂದು "ಭಾರ ಆಗಿಲ್ಲ! ಭಾರ ಆಗಿಲ್ಲ!" ಎಂದು ಕೂಗಿದರು. ಮೆಟ್ಟಿಲುಗಳ ಮೇಲೆ ನಿಂತು ಹಲಗೆ ಬಾರಿಸಿದರು. ವಿರೂಪಣ್ಣ ರುಮಾಲು ಗಾಳಿಗೆ ಎಸೆದರು, ಅದು ಯಾರದೋ ಮಾಳಿಗೆಯ ಮೇಲೆ ಬಿತ್ತು.

ಅತ್ತೆ ಮಾತ್ರ ಹೊಸ್ತಿಲ ಮೇಲೆ ಕುಳಿತಿದ್ದಳು. "ಭಾರ ಆಗಿಲ್ಲ ಖರೆ. ಹಗುರ ಆತೇನು?"

"ಇಲ್ರೀ ಅತ್ತಿ."

"ಹಂಗಾದ್ರ ನನಗ ನಿನ್ನಿಗೂ ಇವತ್ತಿಗೂ ಏನು ಫರಕಾತು?"

ಅವಳಿಗೆ ಮಂಕಾಳಕ್ಕನ ಸುದ್ದಿಯನ್ನೆಲ್ಲ ಹೇಳಿದೆ. ಹೂಂ ಅನ್ನದೆ ಕೇಳಿದಳು. ಅದು ನನಗೆ ಹೆದರಿಕೆ ಹುಟ್ಟಿಸಿತು. ಒಳಗೆ ಎದ್ದು ಹೋಗಿ ದೊಡ್ಡ ಬಾಣಲೆಯನ್ನು, ಜಾಲರಿ ಸೌಟನ್ನು ಗಂಟಿಗೆ ಸೇರಿಸಿದಳು. "ಆ ಸಭಾ ಒಂದು ಮುಗೀಲಿ. ಆ ರಾಯರನ್ನ ನಾನs ನಾಕು ಮಾತು ಕೇಳಿ, ಮಗಳ ಮನಿ ದಾರಿ ಹಿಡೀತೀನಿ."

ಮುಂದಿನ ಅಮಾವಾಸ್ಯೆಗೆ ತೂಕದ ಮನೆಯ ಸಭೆ, ಉಳಿದ ಊರುಗಳವರ ಸಮೇತ, ನಮ್ಮ ಊರಿಗೆ ಬಂತು. ಅತ್ತೆ ಮೊದಲೇ ಹೇಳಿ ಕಳಿಸಿದ್ದಳು, ಮೇಲಿನ ಓಣಿಯಲ್ಲಿ ಉದ್ರಿ ನಡೆಯುವುದಿಲ್ಲ, ಬರುವವರು ಬಿಲ್ಲೆ ಹಿಡಿದುಕೊಂಡೇ ಬರಬೇಕು ಎಂದು. ವಾಮನರಾಯರು ಚರ್ಮದ ಜೇಬಿನ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತತೊಡಗಿದರು. ಅರ್ಧಕ್ಕೆ ಬರುವಾಗ ಅವರ ಮುಖ ಬೀಟ್‌ರೂಟ್ ಆಗಿತ್ತು. ಗುಮಾಸ್ತ ಎರಡು ಸಲ ಕುಳಿತ. ಇಡೀ ಊರು ಮೆಟ್ಟಿಲುಗಳ ಎರಡೂ ಕಡೆ ನಿಂತು ಉಸಿರು ಬಿಗಿಹಿಡಿದು ನೋಡುತ್ತಿತ್ತು, ಚಿಕ್ಕವರು ಕಿಸಿಕಿಸಿ ನಗುತ್ತಿದ್ದರು. ತುದಿಗೆ ಬಂದವರೇ ರಾಯರು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಧೊಪ್ಪೆಂದು ಕುಳಿತರು. ಅತ್ತೆ ಬೆಲ್ಲ, ನೀರು ಕೊಟ್ಟಳು. ಅವರು ಕುಡಿದು ಸುಧಾರಿಸಿಕೊಂಡು, "ಈಗ ತಿಳಿಯಿತು ತಾಯಿ," ಎಂದರು. "ಕೇಳಿ."

ನಾನು ತುದಿಗಾಲಲ್ಲಿ ನಿಂತಿದ್ದೆ. ಅತ್ತೆ ಬಾಯಿ ಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತಲ್ಲ! ರಾಯರನ್ನು ಹಿಂಡಿ ಹಿಪ್ಪೆ ಮಾಡುತ್ತಾಳೆ, ಇವತ್ತು ಹಗುರ ಬರೆಸಿಯೇ ಬಿಡುತ್ತಾಳೆ ಎಂದು ನನ್ನ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಆದರೆ ಅವಳು ರಾಯರ ಕಡೆ ನೋಡಲೇ ಇಲ್ಲ. ಅಂಗಡಿಯ ಮಣೆಯ ಮೇಲೆ ಕುಳಿತಿದ್ದ ಮಂಕಾಳಕ್ಕನ ಎದುರಿಗೆ ಹೋಗಿ ನಿಂತಳು.

"ನೀನs ಏನವಾ ಮಂಕಾಳವ್ವ? ಮಗಳ ಮದುವಿ ಆತೇನು?"

ಮಂಕಾಳಕ್ಕನಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿರಲಿಲ್ಲ. "ಇಲ್ಲ ಅಕ್ಕಾ. ಕೂಡ್ಸ್ತಾ ಇದ್ದೇವೆ. ಭಾರ ಇದ್ದದ್ದಕ್ಕೆ ಪೆಟ್ಗೀಲಿ ನಿಲ್ತಾ ಉಂಟು. ಮಳಿಗಾಲ ಕಳಿಲಿ ಅಂತ ಗಂಡಿನ್ ಮನೆಯವ್ರು ಹೇಳ್ಯಾರೆ."

ಅತ್ತೆ ಅವಳ ಒರಟು ಬೆರಳುಗಳನ್ನು ನೋಡಿದಳು. ಆಮೇಲೆ ರಾಯರ ಕಡೆ ತಿರುಗಿದಳು. "ಈಗೆಷ್ಟೈತಿ ಅಷ್ಟs ಇರಲಿ. ಮ್ಯಾಲೆ ಒಂದು ಕೂದಲೆಳಿ ಸೈತ ಹೋಗಬಾರದು. ಆ ಹುಡುಗಿ ಮದುವಿ ಆಗೂತನಕಾ ನಾ ಹೊರತೀನಿ. ಆದ ಮರು ಅಮಾಸಿಗೆ ನಮ್ಮ ಸರದಿ, ಹಗುರ ಮಾಡಬೇಕು. ಅವರ ಪೆಟಗಿ ಆವಾಗ ಖಾಲಿ ಇರತೈತಿ, ಹಾರಾಕ ಏನೂ ಇರೂದಿಲ್ಲ."

ಮಂಕಾಳಕ್ಕ ಕಣ್ಣೊರೆಸಿಕೊಂಡು ನಕ್ಕಳು. ನನಗೆ ಅಳು ತಡೆಯಲಿಲ್ಲ. ಇಷ್ಟು ವರ್ಷ ನಮ್ಮ ಹೆಗಲ ಮೇಲೆ ಅದೇ ಭಾರ ಇತ್ತು. ಆದರೆ ಹೊರುತ್ತೀರಾ ಎಂದು ಯಾರೂ ನಮ್ಮನ್ನು ಕೇಳಿರಲಿಲ್ಲ. ಈಗ ನನ್ನ ಅತ್ತೆ ಅದನ್ನು ತಾನಾಗಿ ಎತ್ತಿಕೊಂಡಿದ್ದಳು. ಅವಳನ್ನು ಎಲ್ಲರ ಮುಂದೆ ತಬ್ಬಿಕೊಳ್ಳಬೇಕೆನ್ನಿಸಿತು, ಬೈಯುತ್ತಾಳೆ ಎಂದು ಬಿಟ್ಟೆ.

ಉಳಿದ ಊರಿನವರೂ ಒಬ್ಬೊಬ್ಬರಾಗಿ ಎದ್ದು, ಅಷ್ಟು ದಿನ ತಾವೂ ಹೊರುತ್ತೇವೆ ಎಂದರು. ಗುಮಾಸ್ತ ಬರೆಯಲು ಬಾಗಿದ. ಅತ್ತೆ ಅವನ ಲೇಖಣಿಯ ಮೇಲೆ ಬೆರಳಿಟ್ಟಳು. "ಚಂಪವ್ವ ಹೊರತೀನಿ ಅಂದ್ಲು ಅಂತ ಬರೀಪಾ. ಹೂಂ ಅಂದ್ಲು ಅಂತ ಬರೀಬ್ಯಾಡ."

ರಾಯರು ಅದನ್ನೇ ಬರೆಸಿ, ಎದ್ದು ನಿಂತು, ಅದೇ ಸೊಗಸಾದ ಕಂಠದಲ್ಲಿ ಊರಿಗೆಲ್ಲ ಕೇಳುವಂತೆ ಓದಿದರು. ಊರು ಹೋ ಎಂದು ಕೂಗಿತು. ಅತ್ತೆ ನಾಚಿಕೆಯಿಂದ ಸೆರಗು ಬಾಯಿಗೆ ಹಿಡಿದುಕೊಂಡು ನನ್ನ ಮೇಲೆ ರೇಗಿದಳು. "ಕಣ್ಣೀರು ಹಾಕ್ಕೋತ ನಿಂತೀಯಲ್ಲ, ಐದೂರ ಮಂದಿ ಹಸದು ಕುಂತಾರ. ಒಲಿ ಹಚ್ಚು!" ಹಾಗೆನ್ನುತ್ತ ತಾನೇ ಒಳಗೆ ಓಡಿ, ಕಟ್ಟಿಟ್ಟಿದ್ದ ಗಂಟನ್ನು ಹಲ್ಲಿನಿಂದ ಬಿಚ್ಚಿ ಬಾಣಲೆಯನ್ನೂ ಸೌಟನ್ನೂ ಹೊರಗೆಳೆದಳು.

ಅವತ್ತಿನಂಥ ವ್ಯಾಪಾರ ಮೇಲಿನ ಓಣಿ ಕಂಡೇ ಇರಲಿಲ್ಲ. ಎಲ್ಲರ ಜೇಬಿನಲ್ಲೂ ಬಿಲ್ಲೆ, ಅವನ್ನು ಮತ್ತೆ ಹೊತ್ತುಕೊಂಡು ಇಳಿಯುವ ಮನಸ್ಸು ಯಾರಿಗೂ ಇಲ್ಲ. ರಾಯರು ಮೆಣಸಿನಕಾಯಿಯ ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತ, ಇನ್ನೊಂದು, ಇನ್ನೊಂದು ಎನ್ನುತ್ತ ಕೋಟಿನ ಜೇಬು ಪೂರಾ ಬರಿದು ಮಾಡಿದರು. ಹಿಟ್ಟು ಮುಗಿಯಿತು, ನೆರೆಮನೆಯಿಂದ ತಂದೆವು, ಅದೂ ಮುಗಿಯಿತು.

ಹೊತ್ತು ಇಳಿಯುವಾಗ ಮಂಕಾಳಕ್ಕ ಅತ್ತೆಯ ಕೈ ಹಿಡಿದುಕೊಂಡಳು. "ಮದಿಗೆ ನೀನು ಬರ್ಲೇಬೇಕು ಅಕ್ಕಾ. ಬರ್ದಿದ್ರೆ ನಾನ್ ಬಂದು ಎಳ್ಕಂಡ್ ಹೋಗ್ತೆ."

"ಬರತೀನವಾ. ಆದ್ರ ನಿಮ್ಮೂರ ಗಾಳಿಗೆ ನಾನs ಹಾರಿ ಹೋದ್ರ?"

"ಉಡಿ ತುಂಬ ಬಿಲ್ಲೆ ಕಟ್ಕಂಡ್ ಬಾರೆ! ಭಾರ ಇರ್ವಾಗ್ಲೇ ಬಾ!"

ಅತ್ತೆ ನಕ್ಕಳು. ಕಟ್ಟೆಗೆ ಒರಗಿ, ಹಿಟ್ಟಿನ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಕೆಳಗೆ ಇಳಿಯುತ್ತಿದ್ದವರು ತಿರುಗಿ ನೋಡುವಂತೆ ನಕ್ಕಳು. ನಾದಿನಿಯ ಮನೆಗೆ ಅವಳು ಹೋಗಲಿಲ್ಲ. ಈಗ ಮನೆಯಲ್ಲಿ ದಿನಾ ಜಗಳ, ಆ ಮದುವೆಗೆ ಹೋದಾಗ ಅಷ್ಟು ದಿನ ಅಂಗಡಿ ನೋಡಿಕೊಳ್ಳುವವರು ಯಾರು ಎಂದು. ನಾನೂ ಹೊರಡುವವಳೇ, ಬಿಡುವುದಿಲ್ಲ.